ಮೂರು ಮೊಳದ ನೇಣು

“ಈ ಮನುಷ್ಯ ನಲವತ್ತೊಂದು ಸಲ ನೇಣು ಹಾಕ್ಕೊಂಡಾರ ನೋಡ್ರಿ ಮೇಡಂ,” ಎಂದರು ಸಬ್ ಇನ್ಸ್‌ಪೆಕ್ಟರ್ ಗೌತಮ್.

ಹಾವೇರಿ ಕಡೆಯ ಹುಡುಗ. ಹೊಸನಗರ ತಾಲ್ಲೂಕಿಗೆ ಬಂದು ಮೂರು ತಿಂಗಳಾಗಿಲ್ಲ. ವಯಸ್ಸಿನಲ್ಲಿ ನನ್ನ ಮಗನಾಗಬೇಕು. ಆದರೂ ತಲೆಯ ಮೇಲೆ ಟೋಪಿ ಇರುವಷ್ಟು ಹೊತ್ತು ನಾನು ಬಹುವಚನ ಬಿಡುವವಳಲ್ಲ. ಸಾಗರದ ಠಾಣೆಯಲ್ಲಿ ಮೂವತ್ತೈದು ವರ್ಷ ಖಾಕಿ ತೊಟ್ಟವಳಿಗೆ ಅಷ್ಟು ಚಟ ಉಳಿಯುತ್ತದೆ.

ಜೀಪಿನ ಬಾನೆಟ್ ಮೇಲೆ ಒಂದು ನೋಟ್‌ಬುಕ್ ಬಿಡಿಸಿಟ್ಟಿದ್ದರು. ನೀಲಿ ರಟ್ಟು, ಒಳಗೆ ದುಂಡನೆಯ ಅಕ್ಷರ. ಗುರುವಾರ ಶರಾವತಿ ಹಿನ್ನೀರಿಗೆ ತಮ್ಮ ಹಾಯಿದೋಣಿಯಲ್ಲಿ ಒಬ್ಬರೇ ಹೊರಟು, ದೋಣಿ ಮಾತ್ರ ವಾಪಸ್ ಬಂದು ತಾವು ಬಾರದ ಮುಕುಂದಯ್ಯ ಮೇಷ್ಟ್ರ ದಿನಚರಿ ಅದು. ಇವತ್ತು ಸೋಮವಾರ.

ಗೌತಮ್ ಓದಿದರು. “ಮಂಗಳವಾರ. ಗಾಳಿ ಪಶ್ಚಿಮದಿಂದ. ನೇಣು ಹಾಕಿಕೊಂಡೆ. ಹೊರಟೆ. ಬುಧವಾರ. ಗಾಳಿ ಕಮ್ಮಿ. ನೇಣು ಹಾಕಿಕೊಂಡೆ. ಹೊರಟೆ. ಕೊನೀ ಪುಟ, ಗುರುವಾರ. ಗಾಳಿ ಹದವಾಗಿದೆ. ನೇಣು ಹಾಕಿಕೊಂಡೆ. ಹೊರಟೆ.” ಪುಸ್ತಕ ಮುಚ್ಚಿದರು. “ಪಾಪ, ಮನಸ್ಸಿನಾಗ ದಿನಾ ಸತ್ತಾರ. ಗುರುವಾರ ನೀರಿಗೆ ಹಾರ್‍ಯಾರ. ಇನ್ನ ಹುಡುಕಿ ಉಪಯೋಗ ಇಲ್ಲರೀ. ಹೆಣ ತಾನಾಗೇ ತೇಲಿ ಬರ್ತದ. ಎರಡು ಗಂಟೆಗೆ ಬೋಟು ವಾಪಸ್ ಕರೀತೀನಿ.”

ನನ್ನ ಪಕ್ಕದಲ್ಲಿ ನಿಂತಿದ್ದ ರಕ್ಷಾ ನನ್ನ ಕೈ ಹಿಡಿದಳು. ಮೇಷ್ಟ್ರ ಒಬ್ಬಳೇ ಮಗಳು. ತೀರ್ಥಹಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಾಳೆ. ನಾಲ್ಕು ದಿನದಿಂದ ಈ ದಂಡೆಯಲ್ಲೇ ಇದ್ದಾಳೆ. ಅಪ್ಪನನ್ನು ಹುಡುಕಿಕೊಡಿ ಅಂತ ನನ್ನ ಮನೆ ಬಾಗಿಲು ತಟ್ಟಿದವಳೂ ಅವಳೇ. ಬೋಟುಗಳು ವಾಪಸಾದರೆ ಅವಳ ಪಾಲಿಗೆ ಅಪ್ಪ ಸತ್ತಂತೆಯೇ.

ನಾನು ಮಾತ್ರ, ದೇವರು ಕ್ಷಮಿಸಲಿ, ನಕ್ಕುಬಿಟ್ಟೆ.

ನನ್ನ ಹೆಸರು ಮೂಕಮ್ಮ. ಕೊಲ್ಲೂರಿನ ತಾಯಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು. ಹೆಸರು ಇಟ್ಟವರು ಮುಂದೆ ನನ್ನ ಬಾಯಿ ಕೇಳಿ ಬಹಳ ಸಲ ನೊಂದುಕೊಂಡಿದ್ದಾರೆ.

“ಸರ್, ನಿಮ್ಮ ಕಡೆ ನೇಣು ಅಂದ್ರೆ ಕುತ್ತಿಗೆಗೆ. ನಮ್ಮಲ್ಲಿ ಅಡಿಕೆ ಮರ ಹತ್ತಿದವರು ಗೊನೆ ಇಳಿಸೋ ಹಗ್ಗಕ್ಕೂ ನೇಣು ಅಂತಾರೆ. ಮೇಷ್ಟ್ರಿಗೆ ಮರ ಹತ್ತೋ ಹೂವಪ್ಪ ಅಂತ ಒಬ್ಬ ದೋಸ್ತ. ಮರದ ತುದೀಲಿ ಮೈ ಹೆಂಗೆ ಕಟ್ಕೊಳ್ತಾನೆ ಅಂತ ನೋಡಿ, ಇವರೂ ದೋಣೀಲಿ ಎದೆಗೆ ಒಂದು ಬೆಲ್ಟು, ಬೆಲ್ಟಿಗೆ ಒಂದು ಹಗ್ಗ, ಹಗ್ಗಾನ ದೋಣಿಗೆ ಸಿಕ್ಕಿಸ್ಕೊಂಡ್ರು. ಅದಕ್ಕೆ ನೇಣು ಅಂತ್ಲೇ ಕರೆದ್ರು. ಬದುಕೋಕೆ ಹಾಕ್ಕೊಳ್ಳೋ ನೇಣು ಅದು.”

ಗೌತಮ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ತಪ್ಪು ಗೊತ್ತಾದಾಗ ಟೋಪಿ ತೆಗೆಯುವ ಅಧಿಕಾರಿ ನನಗೆ ಮೊದಲಿನಿಂದಲೂ ಇಷ್ಟ.

“ಮೊದಲನೇ ಪುಟ ಓದಿ ಸರ್,” ಎಂದಳು ರಕ್ಷಾ.

ಮೊದಲ ಪುಟದಲ್ಲಿ ಮೇಷ್ಟ್ರು ತಮಗೆ ತಾವೇ ಪಾಠ ಬರೆದುಕೊಂಡಿದ್ದರು.

‘ಒಬ್ಬನೇ ಹೋಗುವವನಿಗೆ ಈಜು ಬಂದರೆಷ್ಟು, ಬಿಟ್ಟರೆಷ್ಟು. ನೀನು ಬಿದ್ದರೂ ಹಾಯಿಗೆ ಗಾಳಿ ತುಂಬಿರುತ್ತದೆ. ದೋಣಿ ನಿನಗಾಗಿ ನಿಲ್ಲುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಬೀಳಬೇಡ. ಮುಂದಿನಿಂದ ಹಿಂದಿನವರೆಗೆ ದೋಣಿಯ ನಡುವೆ ಒಂದು ಹಗ್ಗ ಎಳೆದು ಕಟ್ಟು. ನೇಣಿನ ಕೊಂಡಿ ಅದಕ್ಕೆ ಸಿಕ್ಕಿಸು. ನೇಣು ಮೂರು ಮೊಳ. ಮೂರೇ ಮೊಳ. ಅಷ್ಟಿದ್ದರೆ ಅಂಚಿನವರೆಗೆ ಹೋಗಬಹುದು, ಅಂಚು ದಾಟಲಾಗದು. ಬರಿಗಾಲಲ್ಲಿರು; ಚಪ್ಪಲಿ ಜಾರುತ್ತದೆ. ಗಾಳಿ ಜೋರಾದರೆ ನಡೆಯಬೇಡ, ಅಂಬೆಗಾಲಿಡು. ನಾಚಿಕೆ ಪಡಲು ಅಲ್ಲಿ ಯಾರಿದ್ದಾರೆ? ಸೀಟಿ ಕುತ್ತಿಗೆಯಲ್ಲಿರಲಿ. ನಿಂತು ಮೂತ್ರ ಮಾಡಬೇಡ, ಬಕೆಟ್ ಇದೆ. ಗಂಡಸರು ಅರ್ಧಕ್ಕರ್ಧ ಬೀಳುವುದೇ ಆಗ.’

ಕೊನೆಯ ಸಾಲಿಗೆ ಗೌತಮ್ ಕೆಮ್ಮಿದರು. ರಕ್ಷಾ ನಾಲ್ಕು ದಿನದಲ್ಲಿ ಮೊದಲ ಸಲ ನಗುವುದನ್ನು ನೋಡಿದೆ. ಆ ನಗು ಅರ್ಧ ದಾರಿಯಲ್ಲೇ ಅಳುವಾಯಿತು.

“ಇಷ್ಟು ಹೆದರೋರು ಸಾಯೋಕೆ ಹೋಗ್ತಾರಾ ಅಕ್ಕ?” ಎಂದಳು ನನಗೆ.

“ಇಲ್ಲ ಕಣೆ. ಬಾ, ದೋಣಿ ನೋಡಣ.”

ದೋಣಿಯನ್ನು ದಂಡೆಯಲ್ಲೇ ಕಟ್ಟಿಹಾಕಿದ್ದರು. ಅಂಗಳದಲ್ಲಿ ಮಂಚ ಹಾಕಿದಷ್ಟು ಸಣ್ಣದು. ಬಿಳಿ ಹಾಯಿಯನ್ನು ಸುತ್ತಿಟ್ಟಿದ್ದರು. ಗುರುವಾರ ಸಂಜೆ ಮೀನಿನವರು ನೋಡಿದಾಗ ಹಾಯಿ ಬಿಚ್ಚಿಯೇ ಇತ್ತಂತೆ. ಚುಕ್ಕಾಣಿಗೆ ಹಗ್ಗ ಬಿಗಿದಿತ್ತಂತೆ. ಒಳಗೆ ಯಾರೂ ಇಲ್ಲದ ದೋಣಿ, ಗೊತ್ತಿರುವ ಮನೆಗೆ ಹೊರಟ ಹಸುವಿನ ಹಾಗೆ, ನೀರಿನಲ್ಲಿ ನಿಂತ ಒಣಮರಗಳ ನಡುವೆ ನಿಧಾನವಾಗಿ ಬರುತ್ತಿತ್ತಂತೆ.

ಈ ನೀರಿನೆದುರು ನಿಂತರೆ ನನ್ನ ಪೊಲೀಸ್ ಬುದ್ಧಿ ಸ್ವಲ್ಪ ಹೊತ್ತು ರಜೆ ಹಾಕುತ್ತದೆ. ನಾನು ತೊಟ್ಟಿಲಲ್ಲಿದ್ದಾಗ ನಮ್ಮೂರು ಇದರೊಳಗೆ ಹೋಯಿತು. ಅಮ್ಮ ಹೇಳುತ್ತಿದ್ದಳು, ಬಾವಿ ಎಲ್ಲಿತ್ತು, ಶಾಲೆ ಎಲ್ಲಿತ್ತು, ಗಾಡಿ ದಾರಿ ಯಾವ ಕಡೆ ತಿರುಗುತ್ತಿತ್ತು ಅಂತ. ಕೇಳಿ ಕೇಳಿ ನನಗೆ ಆ ಊರು ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ನಾನು ನೀರಿನಡಿ ನಡೆಯುತ್ತೇನೆ, ತಲೆಯ ಮೇಲೆ ದೋಣಿಗಳ ಹೊಟ್ಟೆ ಕಾಣುತ್ತದೆ, ಉಸಿರಿಗೆ ಏನೂ ತೊಂದರೆಯಿಲ್ಲ. ಆ ಹೊತ್ತೂ ಹಾಗೇ ಇತ್ತು. ಮಾಗಿಯ ಬಿಸಿಲಿಗೆ ಇನ್ನೂ ಪೂರ್ತಿ ಕರಗದ ಮಂಜು, ಅದರಾಚೆ ಒಂದರ ಹಿಂದೊಂದು ನಡುಗಡ್ಡೆ. ಯಾವುದು ಗುಡ್ಡ, ಯಾವುದು ಗುಡ್ಡದ ನೆರಳು ಎಂದು ಹೇಳುವುದು ಕಷ್ಟ. ಮೇಷ್ಟ್ರು ಅಲ್ಲೇ ಎಲ್ಲೋ ಹಾಯಿ ಎತ್ತಿಕೊಂಡು ತೇಲುತ್ತಿದ್ದಾರೆ ಅನ್ನಿಸಿತು. ದುಃಖವಾಗಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು.

“ಮೇಡಂ, ಹಗ್ಗ ಇಲ್ಲೈತಿ,” ಎಂದರು ಗೌತಮ್.

ನಾನು ಎಚ್ಚರಾದೆ.

ದೋಣಿಯ ನಡುಹಗ್ಗಕ್ಕೆ ನೇಣಿನ ಕೊಂಡಿ ಸಿಕ್ಕಿಸಿದ ಹಾಗೇ ಇತ್ತು. ಹಸಿರು ಬಣ್ಣದ ಹೊಸ ನೈಲಾನ್ ಹಗ್ಗ. ಇನ್ನೊಂದು ತುದಿ ಖಾಲಿ. ಎದೆಯ ಬೆಲ್ಟು ಇರಲಿಲ್ಲ, ಲೈಫ್ ಜಾಕೆಟ್ಟೂ ಇರಲಿಲ್ಲ. ಹಾಯಿಕಂಬದ ಬುಡದಲ್ಲಿ ಒಂದು ಮೊಳೆ ಹೊಡೆದಿತ್ತು, ಅದರಲ್ಲೂ ಏನಿಲ್ಲ.

“ಈ ಮೊಳೆ ಯಾತಕ್ಕೆ?”

“ಚಪ್ಪಲಿಗೆ ಅಕ್ಕ,” ಎಂದಳು ರಕ್ಷಾ. “ದೋಣೀಲಿ ಬರಿಗಾಲು. ದಡ ಹತ್ತುವಾಗ ಹಾಕ್ಕೊಳ್ಳೋರು. ಕಾಲಿಗೆ ಸಕ್ಕರೆ ಕಾಯಿಲೆ ಹುಣ್ಣು, ಬರಿಗಾಲಲ್ಲಿ ನೆಲ ಮುಟ್ಟಬಾರದು ಅಂತ ಡಾಕ್ಟ್ರು ಹೇಳಿದ್ರು.”

“ಮಾತ್ರೆ?”

“ದಿನಾ ಎರಡು ಹೊತ್ತು ತಗೋಬೇಕು. ಜೇಬಲ್ಲಿ ಒಂದು ಪಟ್ಟಿ ಇರ್ತಿತ್ತು.” ನಾಲ್ಕು ದಿನ, ಎಂಟು ಮಾತ್ರೆ. ಆ ಲೆಕ್ಕ ಅವಳ ತಲೆಯಲ್ಲಿ ಆಗಲೇ ನೂರು ಸಲ ಆಗಿರಬೇಕು.

ನಾನು ಹಗ್ಗ ಎತ್ತಿಕೊಂಡೆ. ಮೊಣಕೈಯಿಂದ ನಡುಬೆರಳಿನ ತುದಿಗೆ ಒಂದು, ಎರಡು, ಮೂರು. ಅಳೆದಾದ ಮೇಲೂ ಹಗ್ಗ ಉಳಿಯಿತು, ಹೆಚ್ಚುಕಡಿಮೆ ಒಂದು ಗೇಣು.

“ಮೂರೇ ಮೊಳ ಅಂತ ಒತ್ತಿ ಬರೆದಿದಾರಲ್ಲ,” ಎಂದೆ. “ನಂದು ಗಿಡ್ಡ ಕೈ. ಮೇಷ್ಟ್ರ ಮೊಳ ಎಷ್ಟಿತ್ತೋ?”

“ನಂದೂ ಅಪ್ಪಂದೂ ಒಂದೇ ಮೊಳ,” ಎಂದಳು ರಕ್ಷಾ. “ತೀರ್ಥಹಳ್ಳಿ ಪೇಟೇಲಿ ಒಂದ್ಸಲ ಹೂವಿನವಳ ಹತ್ರ ಜಗಳ ತೆಗೆದ್ರು. ನಿನ್ನ ಮೊಳ ಮೋಸ, ನನ್ನ ಕೈಲಿ ಅಳಿ ಅಂತ. ಅಳೆದ್ರೆ ಅವಳ ಮೊಳಕ್ಕಿಂತ ಅಪ್ಪನ ಮೊಳ ಎರಡು ಬೆರಳು ಗಿಡ್ಡ! ಅವಳು ನಕ್ಕು, ಆಯ್ತು ಮೇಷ್ಟ್ರೇ ನಿಮ್ಮ ಮೊಳದಲ್ಲೇ ತಗಳಿ ಅಂದ್ಲು. ಮನೆಗೆ ಬಂದು ಸಿಟ್ಟಲ್ಲಿ ನನ್ನ ಕೈ ಪಕ್ಕ ಅವರ ಕೈ ಇಟ್ಟು ನೋಡಿದ್ರು.”

ಅವಳೂ ಅಳೆದಳು. ಮೂರು ಮೊಳ, ಮೇಲೆ ಒಂದು ಗೇಣು.

“ಒಂದು ಗೇಣಿಗೆ ಏನಾಗ್ತದರೀ?” ಎಂದರು ಗೌತಮ್.

ರಕ್ಷಾ ದೋಣಿಯೊಳಗೆ ಇಳಿದು ಕೂತಳು. ಹಗ್ಗವನ್ನು ಮೂರು ಮೊಳದ ಜಾಗದಲ್ಲಿ ಎದೆಗೆ ಒತ್ತಿ ಹಿಡಿದು ಹೊರಗೆ ಬಾಗಿದಳು. ಅಂಚು ಹೊಟ್ಟೆಗೆ ತಾಗುವಷ್ಟರಲ್ಲಿ ಹಗ್ಗ ಬಿಗಿದು ಅವಳನ್ನು ನಿಲ್ಲಿಸಿತು. ಆಮೇಲೆ ಹಗ್ಗದ ತುದಿ ಹಿಡಿದು ಬಾಗಿದಳು. ಭುಜ ಅಂಚು ದಾಟಿತು, ಜಡೆ ನೀರಿಗೆ ಬಿತ್ತು. ನಾನು ಹೌಹಾರಿ ಅವಳ ರಟ್ಟೆ ಹಿಡಿದೆ.

“ಆಚೆ ಬಿದ್ದೋರು ಆಚೇನೇ ನೇತಾಡ್ತಾರೆ,” ಎಂದಳು, ಒದ್ದೆ ಜಡೆ ಹಿಂಡುತ್ತಾ. “ದೋಣಿ ಓಡ್ತಾನೇ ಇರತ್ತೆ. ಮೇಲೆ ಹತ್ತೋಕೂ ಆಗಲ್ಲ, ಬಿಡಿಸ್ಕೊಳ್ಳೋಕೂ ಆಗಲ್ಲ.”

“ಅಂದ್ರ ಇದು ಅವರ ಹಗ್ಗ ಅಲ್ಲ,” ಎಂದರು ಗೌತಮ್ ಮೆಲ್ಲಗೆ. “ಯಾರೋ ಬದಲಿ ಮಾಡ್ಯಾರ.”

“ಬದಲಿ ಮಾಡಿದೋರೂ ಮೂರು ಮೊಳವೇ ಅಳೆದಿದಾರೆ ಸರ್,” ಎಂದೆ. “ಅವರ ಕೈ ಉದ್ದ, ಅಷ್ಟೆ.”

ಈ ದಂಡೆಯಲ್ಲಿ ಅಂಥ ಕೈ ಇರುವವನು ಒಬ್ಬನೇ. ಅವನ ಕೊಟ್ಟಿಗೆ ಇನ್ನೂರು ಹೆಜ್ಜೆ ದೂರದಲ್ಲಿತ್ತು.

*

ಉಮೇಶ ದೋಣಿ ಮಾಡುವವನು. ಮೇಷ್ಟ್ರ ಜೊತೆ ಕೂತು ಆ ಹಾಯಿದೋಣಿಗೆ ಹಲಗೆ ಜೋಡಿಸಿದವನೂ ಅವನೇ. ಬಿದಿರ ಗಳದಷ್ಟು ಉದ್ದದ ಆಳು; ಮನೆ ಬಾಗಿಲಿಗೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಎಲ್ಲರೆದುರೂ ತಪ್ಪಿತಸ್ಥನ ಹಾಗೇ ನಿಲ್ಲುತ್ತಾನೆ. ಮೇಷ್ಟ್ರೆಂದರೆ ಜೀವ ಬಿಡುತ್ತಿದ್ದವನು. ಅವನ ಮೇಲೆ ಅನುಮಾನ ಪಡಲು ನನಗೆ ಮನಸ್ಸಿರಲಿಲ್ಲ, ಹೇಳಿಬಿಡುತ್ತೇನೆ. ಆದರೆ ಮನಸ್ಸಿನ ಮಾತು ಕೇಳಿದ್ದರೆ ನಾನು ಮೂವತ್ತೈದು ವರ್ಷದಲ್ಲಿ ಒಬ್ಬ ಕಳ್ಳನನ್ನೂ ಹಿಡಿಯುತ್ತಿರಲಿಲ್ಲ.

ಅವನು ದೋಣಿಯೊಂದರ ಬಿರುಕಿಗೆ ಡಾಂಬರು ಹಚ್ಚುತ್ತಿದ್ದ. ನಮ್ಮನ್ನು ನೋಡಿ ಎದ್ದ. ಗೌತಮ್ ಕೈಯಲ್ಲಿದ್ದ ಹಸಿರು ಹಗ್ಗ ನೋಡಿ ಮತ್ತೆ ಕೂತ.

“ಉಮೇಶ, ಕೈ ಚಾಚು,” ಎಂದೆ.

“ಎಂತಕ್ಕೆ ಅಕ್ಕ?”

“ಚಾಚು ಮಾರಾಯ.”

ಚಾಚಿದ. ನಾನು ಹಗ್ಗವನ್ನು ಅವನ ಮೊಣಕೈಗೆ ಹಿಡಿದು ಬೆರಳ ತುದಿಗೆ ಎಳೆದೆ. ಒಂದು. ಎರಡು. ಮೂರು. ಅಲ್ಲಿಗೆ ಮುಗಿಯಿತು, ಒಂದು ಅಕ್ಕಿಕಾಳಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವನ ಕಣ್ಣು ತುಂಬಿತು.

“ನಾನೇ ಕೊಂದೆ ಅಕ್ಕ,” ಎಂದ.

ಕೆಳಗೆ ನೀರು ದಂಡೆಯ ಕಲ್ಲಿಗೆ ತಾಗುವುದು ಮಾತ್ರ ಕೇಳುತ್ತಿತ್ತು, ನಿದ್ದೆಯಲ್ಲಿರುವ ಮಗುವಿನ ಉಸಿರಿನಷ್ಟು ಸಣ್ಣಗೆ.

“ಹಳೇ ನೇಣು ನವೆದು ಹೋಗಿತ್ತು,” ಎಂದ ಉಮೇಶ. “ಬುಧವಾರ ನಾನೇ ಹೊಸದು ಮಾಡಿ ಹಾಕಿದೆ. ಮೇಷ್ಟ್ರು ಮೂರು ಮೊಳ ಅಂದ್ರು, ನಾನು ಮೂರು ಮೊಳ ಅಳೆದೆ. ಯಾರ ಮೊಳ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬಿದ್ದು ಪಕ್ಕಕ್ಕೆ ನೇತಾಡಿರ್ತಾರೆ. ಒದ್ದಾಡಿ ಒದ್ದಾಡಿ ಗಂಟು ಬಿಚ್ಚಿ ಹೋಗಿರತ್ತೆ. ಬರ್ಕೊಳ್ಳಿ ಸರ್. ನನ್ನ ಕೈಯಿಂದ ಆದ ತಪ್ಪು. ಬೋಟಿನೋರನ್ನ ಸುಮ್ನೆ ಯಾಕೆ ಸುತ್ತಿಸ್ತೀರಿ, ಕರೆಸ್ಕೊಳ್ಳಿ. ನಾನು ಜೈಲಿಗೆ ಬರ್ತೀನಿ.”

ರಕ್ಷಾ ಅವನ ಎದುರು ಮೊಣಕಾಲೂರಿ ಕೂತಳು. ಹೊಡೆಯುತ್ತಾಳೆಂದುಕೊಂಡೆ. ಅವಳು ಅವನ ಡಾಂಬರಿನ ಕೈ ಹಿಡಿದುಕೊಂಡಳು.

“ನೀವು ಬೇಕು ಅಂತ ಮಾಡ್ಲಿಲ್ಲ ಉಮೇಶಣ್ಣ,” ಎಂದಳು. ಅವಳ ದನಿ ಒಡೆದಿತ್ತು. ಒಂದು ಗೇಣು ಹಗ್ಗಕ್ಕೆ ಒಂದು ಜೀವ ಹೋಗಬಹುದೇ? ಒಬ್ಬ ಒಳ್ಳೆಯವನು ಇನ್ನೊಬ್ಬ ಒಳ್ಳೆಯವನಿಗೆ ಪ್ರೀತಿಯಿಂದ ಮಾಡಿಕೊಟ್ಟ ಹಗ್ಗ.

ಗೌತಮ್ ಫೋನು ತೆಗೆದರು, ಬೋಟುಗಳಿಗೆ ಹೇಳಲು.

ಒಂದು ಮಾತು ಮಾತ್ರ ನನಗೆ ಚುಚ್ಚುತ್ತಿತ್ತು. ಜೈಲಿಗೆ ಬರ್ತೀನಿ ಎನ್ನುವವನು ಬೋಟಿನವರ ಸುತ್ತಾಟಕ್ಕೆ ಯಾಕೆ ಮರುಗಬೇಕು?

“ಸ್ವಲ್ಪ ತಡೀರಿ ಸರ್.”

ಹಗ್ಗದ ಖಾಲಿ ತುದಿಯನ್ನು ಬೆಳಕಿಗೆ ಹಿಡಿದೆ. ಬೆರಳಿನಿಂದ ಸವರಿದೆ. ನುಣ್ಣಗಿತ್ತು. ಗಂಟು ಹಾಕಿದ್ದ ಗುರುತು ಇತ್ತು, ಸಡಿಲವಾಗಿ, ಹಾಸಿಗೆ ಮೇಲೆ ಮಡಚಿಟ್ಟ ಬಟ್ಟೆಯ ಗೆರೆಯ ಹಾಗೆ.

“ಉಮೇಶ, ನೀನು ಹಾಕಿದ್ದು ಯಾವ ಗಂಟು? ಜೀರುಗುಣಿಕೆಯಾ?”

“ಛೆ! ಎಳೆದ್ರೆ ಬಿಚ್ಚೋ ಗಂಟು ಯಾರಾದ್ರೂ ಜೀವಕ್ಕೆ ಹಾಕ್ತಾರಾ? ಬಿಗಿಗಂಟು ಅಕ್ಕ. ಭಾರ ಬಿದ್ದಷ್ಟೂ ಕಚ್ಕೊಳ್ಳತ್ತೆ.”

ಕಸುಬಿನವನು. ಕಸುಬಿನ ವಿಷಯದಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಕೇಳಿದ್ರಾ ಸರ್,” ಎಂದೆ. “ಒದ್ದೆ ನೈಲಾನ್ ಹಗ್ಗ. ಅದರಲ್ಲಿ ಅರವತ್ತು ಕೇಜಿ ಮೇಷ್ಟ್ರು ನೇತಾಡಿದಾರೆ. ಗಂಟು ಕಲ್ಲಾಗಿರಬೇಕು. ಕತ್ತೀಲಿ ಕೊಯ್ಯಬೇಕು, ಇಲ್ಲ ಹಲ್ಲಲ್ಲಿ ಕಚ್ಚಿ ಬಿಚ್ಚಬೇಕು. ಹಗ್ಗ ಚಪ್ಪಟೆಯಾಗಿರಬೇಕು, ಸುಕ್ಕು ಬಿದ್ದಿರಬೇಕು. ಇದು ನೋಡಿ, ತಾಯಿ ಮಗುವಿನ ಜಡೆ ಬಿಚ್ಚಿದಷ್ಟು ನಾಜೂಕಾಗಿ ಬಿಚ್ಚಿದಾರೆ. ಈ ಹಗ್ಗದ ಮೇಲೆ ಯಾರ ಭಾರಾನೂ ಬಿದ್ದಿಲ್ಲ.”

ಗೌತಮ್ ಹಗ್ಗ ಮುಟ್ಟಿ ನೋಡಿದರು. “ಹಂಗಾರ ತಾವೇ ಬಿಚ್ಚಿ ನೀರಿಗೆ ಹಾರಿರಬಹುದಲ್ಲ?”

“ಚಪ್ಪಲಿ ಹಾಕ್ಕೊಂಡಾ?” ಎಂದೆ. “ನಾನು ಎಷ್ಟು ಹೆಣ ಎತ್ತಿಸಿದೀನಿ ಈ ನೀರಿಂದ. ಹಾರೋರು ಚಪ್ಪಲಿ ಬಿಟ್ಟು ಹಾರ್ತಾರೆ ಸರ್, ಎಷ್ಟು ಅವಸರ ಇದ್ರೂ. ಮೇಷ್ಟ್ರು ದೋಣೀಲಿ ಬರಿಗಾಲು, ನೆಲಕ್ಕೆ ಇಳಿಯುವಾಗ ಮಾತ್ರ ಚಪ್ಪಲಿ. ಮೊಳೆ ಖಾಲಿ ಇದೆ.”

ರಕ್ಷಾ ತಲೆಯೆತ್ತಿದಳು. ಅವಳು ನನಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದಳು, ಆದರೆ ಬಾಯಿಬಿಟ್ಟು ಹೇಳಲು ಹೆದರಿದ್ದಳು. ಆದ್ದರಿಂದ ನಾನೇ ಹೇಳಿದೆ.

“ನಿಮ್ಮಪ್ಪ ಬಿದ್ದಿಲ್ಲ ಕಣೆ. ಇಳಿದಿದಾರೆ. ನಿಧಾನವಾಗಿ ನೇಣು ಬಿಚ್ಚಿ, ಚಪ್ಪಲಿ ಮೆಟ್ಟಿ, ಎಲ್ಲೋ ಗಟ್ಟಿ ನೆಲದ ಮೇಲೆ ಇಳಿದಿದಾರೆ. ಆಮೇಲೆ ಚುಕ್ಕಾಣಿ ಬಿಗಿದು, ಹಾಯಿ ಬಿಚ್ಚಿ, ಖಾಲಿ ದೋಣೀನ ಈಚೆ ಕಡೆಗೆ ತಳ್ಳಿದಾರೆ. ಅವರೋ, ಇನ್ಯಾರೋ.”

ಅವಳು ನಕ್ಕಳು. ಅತ್ತಳು. ಎರಡೂ ಒಟ್ಟಿಗೇ ಮಾಡುತ್ತಾ ನನ್ನ ಸೊಂಟ ತಬ್ಬಿಕೊಂಡಳು. ಗೌತಮ್ ಹೊರಗೆ ಓಡಿ, ಫೋನಿನಲ್ಲಿ ಕೂಗತೊಡಗಿದರು: ಬೋಟು ಯಾವುದೂ ವಾಪಸ್ ಬರಬಾರದು, ನೀರು ಬಿಡ್ರಿ, ನೆಲ ಹುಡುಕ್ರಿ. ನನಗೂ ಒಂದು ಗಳಿಗೆ ಎಲ್ಲ ಹಗುರವಾಯಿತು. ಬಾಗಿಲಾಚೆ ಮಂಜು ಹರಿದು ನೀರು ತೆಳ್ಳಗೆ ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ಚಪ್ಪಲಿ ಹಾಕಿಕೊಂಡು ಗಿಡ್ಡ ಮೇಷ್ಟ್ರು ನಡೆದು ಬಂದುಬಿಡುತ್ತಾರೆ ಅನ್ನಿಸುವಷ್ಟು ಸುಳ್ಳು ಬೆಳಕು ಅದು.

ಆಮೇಲೆ ಉಮೇಶನ ಮುಖ ನೋಡಿದೆ.

ತಾನು ಕೊಲೆಗಾರನಲ್ಲ ಎಂದು ಈಗಷ್ಟೇ ತಿಳಿದವನು ಕುಣಿಯಬೇಕಿತ್ತು. ಅವನು ಹಲಗೆಯ ಮೇಲೆ ಕುಸಿದು ಕೂತಿದ್ದ. ಕಣ್ಣು ನೀರಿನಾಚೆಯ ಗುಡ್ಡಗಳ ಮೇಲಿತ್ತು. ಸುಳ್ಳು ಹೊತ್ತು ದಣಿದವನ ಬಾಯಿಂದ ನಿಜ ತಾನಾಗಿ ಜಾರುತ್ತದೆ. ಅವನದೂ ಜಾರಿತು, ತನಗೆ ತಾನೇ ಹೇಳಿಕೊಂಡಷ್ಟು ಮೆಲ್ಲಗೆ.

“ನಾಲ್ಕು ದಿನ ಆಯ್ತು. ಅಕ್ಕಿ ಮುಗಿದಿರತ್ತೆ.”

ರಕ್ಷಾಳ ಕೈ ನನ್ನ ಸೊಂಟದಿಂದ ಕೆಳಗೆ ಬಿತ್ತು.

“ಯಾವ ಅಕ್ಕಿ, ಉಮೇಶಣ್ಣ?”

ಅವನು ಡಾಂಬರಿನ ಡಬ್ಬಿ ಹತ್ತಿರ ಎಳೆದುಕೊಂಡ.

“ಎಷ್ಟು ಅಕ್ಕಿ ಕೊಟ್ಟಿದ್ದೆ?” ಎಂದೆ ನಾನು, ಠಾಣೆಯ ದನಿಯಲ್ಲಿ.

“ಆರು ಸೇರು.”

“ಅಪ್ಪ ಒಂದೇ ಹೊತ್ತು ಅನ್ನ ಉಣ್ಣೋದು,” ಎಂದಳು ರಕ್ಷಾ. “ಆರು ಸೇರು ಅವರಿಗೆ ಒಂದು ತಿಂಗಳು ಬರತ್ತೆ. ನಾಲ್ಕು ದಿನಕ್ಕೆ ಹೆಂಗೆ ಮುಗಿಯತ್ತೆ?”

ಉಮೇಶ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ಮುಖ ನೋಡಿದ.

“ಮೇಷ್ಟ್ರು ಒಬ್ಬರೇ ಆಗಿದ್ರೆ ಸಾಕಾಗ್ತಿತ್ತು ತಂಗಿ.”